ಮೊಂಡುಬಾಲದ ನರಿ

ನರಿ ಬದುಕಿದೆಯೋ ಇಲ್ಲವೋ ಇವತ್ತು ಹೊತ್ತು ಮುಳುಗುವುದರೊಳಗೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ನಾಳೆ ಬೆಳಿಗ್ಗೆ ಯಲ್ಲಯ್ಯ ತನ್ನ ನಾಡಬಂದೂಕಿನಿಂದ ಸಿದ್ದಗಂಗಮ್ಮನ ನಾಯಿ ಕೆಂಚನನ್ನು ಹೊಡೆಯುತ್ತಾನೆ. ಜರಗನಹಳ್ಳಿಯ ಹಿರಿಯರು ಅರಳಿಕಟ್ಟೆಯ ಮೇಲೆ ಕುಳಿತು, ಮೂರು ದಿನ ಗಡುವು ಕೊಟ್ಟು ಮಾಡಿದ ತೀರ್ಮಾನ ಅದು. ಯಲ್ಲಯ್ಯನೂ ಆ ಹಿರಿಯರಲ್ಲಿ ಒಬ್ಬ. ಊರಲ್ಲಿ ಬಂದೂಕು ಇದ್ದದ್ದು ಅವನ ಮನೆಯಲ್ಲಿ ಮಾತ್ರ. ನರಿ ಕಂಡರೆ ಊರಿಗೆ ಸಾಕ್ಷಿ ಹೇಳಬೇಕಾದವನೂ ಅವನೇ.

ಎಪ್ಪತ್ತೊಂದನೇ ಇಸವಿಯ ಬೇಸಿಗೆ. ಬೆಳಗಿನ ತಂಪಿನಲ್ಲೇ ಮೂವರು ಕನಕಪುರ ರಸ್ತೆ ದಾಟಿ ತುರಹಳ್ಳಿ ಗುಡ್ಡದ ದಾರಿ ಹಿಡಿದರು. ಹೆಗಲ ಮೇಲೆ ಬಂದೂಕು ಹೊತ್ತ ಯಲ್ಲಯ್ಯ ಮುಂದೆ. ಸೊಂಟಕ್ಕೆ ಕುಡುಗೋಲು ಸಿಕ್ಕಿಸಿ, ಮುದ್ದೆಯ ಗಂಟು ಹಿಡಿದ ಸಿದ್ದಗಂಗಮ್ಮ ನಡುವೆ. ಅವಳ ತಮ್ಮ ಪಿಳ್ಳಣ್ಣ ಕಂಬಳಿ ಹೊದ್ದು, ಹೊಟ್ಟೆ ಹಿಡಿದುಕೊಂಡು ಎಲ್ಲರಿಗಿಂತ ಹಿಂದೆ. ಹಿಂದಿನ ಎರಡು ದಿನವೂ ಹೀಗೇ ಹೋಗಿ ಬರಿಗೈಯಲ್ಲಿ ಬಂದಿದ್ದರು.

ಇಷ್ಟಕ್ಕೆಲ್ಲ ಮೂಲ ಪಿಳ್ಳಣ್ಣನ ಮೊಲದ ಹುಚ್ಚು. ಎರಡು ಹೆಬ್ಬೆರಳ ನಡುವೆ ಹುಲ್ಲಿನ ಎಸಳು ಇಟ್ಟು ಊದಿದರೆ ಮರಿ ಮೊಲ ಕಿರುಚಿದಂತೆಯೇ ಕೇಳುತ್ತದೆ. ಆ ಕೂಗಿಗೆ ತಾಯಿ ಮೊಲ ಪೊದೆ ಬಿಟ್ಟು ಓಡಿಬರುತ್ತದೆ, ನಾಯಿ ಹಿಡಿಯುತ್ತದೆ. ಮೂರು ವಾರಗಳ ಹಿಂದೆ ಅಕ್ಕನ ಕೈಕಾಲು ಹಿಡಿದು ಕೆಂಚನನ್ನು ಕೇಳಿ ತಂದು, ಗುಡ್ಡದ ಬುಡದಲ್ಲಿ ಕಂಬಳಿ ಮುಸುಕು ಹಾಕಿ ಮಲಗಿ ಊದಿದ. ಮೊಲ ಬರಲಿಲ್ಲ. ಹಿಂದಿನಿಂದ ನರಿ ಬಂದು ಭುಜಕ್ಕೇ ಬಾಯಿ ಹಾಕಿತು. ಕೆಂಚ ಹಾರಿ ಅದರ ಬಾಲ ಕಚ್ಚಿದ. ನರಿ ತಿರುಗಿ ಕೆಂಚನ ಮೂತಿ ಸೀಳಿತು, ಅರ್ಧ ಬಾಲವನ್ನು ಅವನ ಬಾಯಲ್ಲೇ ಬಿಟ್ಟು ಓಡಿಹೋಯಿತು. ಎದ್ದು ನರಿ ಮುಖ ನೋಡಿದರೆ ಅದೃಷ್ಟ ಅನ್ನುತ್ತಾರೆ. ಪಿಳ್ಳಣ್ಣನಿಗೆ ಮುಖದ ಜೊತೆ ಹಲ್ಲೂ ಸಿಕ್ಕಿತು.

ಪೇಟೆಯ ಆಸ್ಪತ್ರೆಯಲ್ಲಿ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿದರು. ದಿನವೂ ಬನಶಂಕರಿ ದೇವಸ್ಥಾನದವರೆಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು ಹೋಗಿ ಬಂದ. ಮನುಷ್ಯನ ಚಿಂತೆ ಹಾಗೆ ಕಳೆಯಿತು. ಆದರೆ ನಾಯಿಗೆ ಯಾರು ಸೂಜಿ ಹಾಕುತ್ತಾರೆ? ಹಗಲಲ್ಲಿ ಮನುಷ್ಯನ ಮೈಮೇಲೆ ಬಿದ್ದ ನರಿ ಹುಚ್ಚುನರಿಯೇ ಎಂದು ಊರು ತೀರ್ಮಾನಿಸಿತು. ಅದು ಕಚ್ಚಿದ ನಾಯಿ ಇವತ್ತಲ್ಲ ನಾಳೆ ಊರನ್ನೇ ಕಚ್ಚುತ್ತದೆ. ಪಿಳ್ಳಣ್ಣ ಎಷ್ಟು ಹೇಳಿದರೂ, ಅದು ಹುಚ್ಚಲ್ಲ, ನನ್ನ ಕೂಗಿಗೆ ಮೋಸಹೋಗಿ ಬಂತು ಎಂದರೂ ಯಾರೂ ನಂಬಲಿಲ್ಲ. ದನದ ಡಾಕ್ಟರು ಒಂದು ದಾರಿ ಹೇಳಿದರು. ಕಚ್ಚುವಾಗಲೇ ಹುಚ್ಚು ಹಿಡಿದಿದ್ದ ನರಿ ಇಷ್ಟು ದಿನ ಬದುಕುವುದಿಲ್ಲ. ಅದು ಈಗಲೂ ಚೆನ್ನಾಗಿ ಓಡಾಡಿಕೊಂಡಿದ್ದರೆ ನಾಯಿಗೆ ಅದರಿಂದ ಭಯವಿಲ್ಲ. ಅದನ್ನು ಹುಡುಕಿ ತೋರಿಸುವವರು ಯಾರು ಎಂದು ಅವರೇ ನಕ್ಕರಂತೆ.

ಸಿದ್ದಗಂಗಮ್ಮ ನಗಲಿಲ್ಲ. ಗಂಡ ಸತ್ತ ಮೇಲೆ ಹುಲ್ಲು, ಸೌದೆ ಎಂದು ಈ ಗುಡ್ಡಕ್ಕೆ ಒಬ್ಬಳೇ ಬರುವವಳಿಗೆ ಜೊತೆಯಿದ್ದದ್ದು ಆ ನಾಯಿ. ಅದೀಗ ಕೊಟ್ಟಿಗೆಯ ಕಂಬಕ್ಕೆ ಕಟ್ಟಿಸಿಕೊಂಡು, ಬೊಗಳುವುದನ್ನೂ ಬಿಟ್ಟು ಬಿದ್ದುಕೊಂಡಿತ್ತು. ಅವಳನ್ನು ಬಿಟ್ಟರೆ ಹಟ್ಟಿಯವರು ಯಾರೂ ಹೆದರಿ ಅದರ ಹತ್ತಿರ ಸುಳಿಯುತ್ತಿರಲಿಲ್ಲ.

ಬಿಸಿಲೇರುವ ಹೊತ್ತಿಗೆ ಗುಡ್ಡ ಸಿಕ್ಕಿತು. ಆನೆಗಾತ್ರದ ಬಂಡೆಗಳು ಒಂದರ ಮೇಲೊಂದು ಕುಳಿತ ಗುಡ್ಡ ಅದು. ಸಂದಿಗಳಲ್ಲಿ ಲಂಟಾನ, ಕಾರೆಮುಳ್ಳು, ಬಿಸಿಲಿಗೆ ಬಾಡಿದ ತಂಗಡಿ. ಬಡಗಲಿಗೆ ತಿರುಗಿ ನಿಂತರೆ ರಾಗಿ ಹೊಲ, ಮಾವಿನ ತೋಪು, ಒಣಗಿದ ಕೆರೆಯಂಗಳ ಎಲ್ಲ ದಾಟಿ ದೂರದಲ್ಲಿ ಜಯನಗರದ ಹೊಸ ಮನೆಗಳು ಬೆಳ್ಳಗೆ ಕಾಣುತ್ತಿದ್ದವು. ತೆಂಕಲಿಗೆ ಕಣ್ಣು ಹಾಯುವವರೆಗೂ ಕುರುಚಲು ಕಾಡು. ನರಿಯೊಂದು ಬೇಡವೆಂದರೆ ಇಲ್ಲಿ ಒಂದು ವರ್ಷ ಯಾರ ಕಣ್ಣಿಗೂ ಬೀಳದೆ ಇರಬಹುದು.

ಕೆಳಗಿನ ಪೊದೆಗಳ ಬಳಿ ಪಿಳ್ಳಣ್ಣ ಮೊದಲ ಸಲ ಊದಿದ. ಕೂಗು ಹೊರಟಿತು, ಹಿಂದೆಯೇ ಹೊಟ್ಟೆಯಲ್ಲಿ ಚಳುಕು ಎದ್ದಿತು. ಸೂಜಿ ಚುಚ್ಚಿದ ಜಾಗವೆಲ್ಲ ಗಂಟುಗಟ್ಟಿತ್ತು. ಆದರೂ ಬಿಡದೆ ಊದಿದ. ತುಸು ಹೊತ್ತಿಗೆ ಲಂಟಾನ ಅಲುಗಿತು.

ಒಂದು ನರಿ ತಲೆ ಹೊರಹಾಕಿತು.

ನರಿ ಪೂರ್ತಿ ಹೊರಗೆ ಬಂದು ನಿಂತಿತು. ಹಿಂದೆ ಪೊರಕೆಯಂಥ ಉದ್ದನೆಯ ಬಾಲ ತೂಗುತ್ತಿತ್ತು. ಅದಲ್ಲ. ಅದು ಮೂವರನ್ನೂ ಒಮ್ಮೆ ನೋಡಿ ತನ್ನ ಪಾಡಿಗೆ ತಾನು ಹೋಯಿತು.

ಮಧ್ಯಾಹ್ನ ಬಂಡೆಯ ನೆರಳಲ್ಲಿ ಮುದ್ದೆ ಮುರಿದರು. ಯಲ್ಲಯ್ಯ ಎಲೆಅಡಿಕೆ ಹಾಕಿಕೊಂಡು, ನರಿ ಎಂದೋ ಸತ್ತು ಯಾವುದೋ ಗವಿಯಲ್ಲಿ ಕೊಳೆಯುತ್ತಿರುತ್ತದೆ, ಸುಮ್ಮನೆ ಕಾಲು ಸವೆಸುವುದೇಕೆ ಎಂದು ಗೊಣಗಿದ. ತನಗೂ ಆ ನಾಯಿಯ ಮೇಲೆ ಹಗೆ ಇಲ್ಲ, ಆದರೆ ಊರಿಗೆ ಮಾತು ಕೊಟ್ಟಾಗಿದೆ ಎಂದ.

ಸಿದ್ದಗಂಗಮ್ಮ ಕೈ ತೊಳೆದು ಎದ್ದಳು. "ಮೇಲೆ ದೊಣೆ ಐತೆ ಮಾವ. ಈ ಬಿಸಿಲಲ್ಲಿ ಗುಡ್ಡದಾಗೆ ನೀರು ಉಳಿದಿರೋದು ಅಲ್ಲೊಂದೇ. ಬದುಕಿದ್ರೆ ಅಲ್ಲಿಗೆ ಬರ್ಲೇಬೇಕು."

ದೊಣೆಯಿದ್ದದ್ದು ನೆತ್ತಿಯ ಹತ್ತಿರ, ಬಂಡೆಯ ಕುಳಿಯಲ್ಲಿ. ಹತ್ತುವ ದಾರಿ ಕಾಲು ಸುಡುವ ಬೋಳು ಬಂಡೆ. ಯಲ್ಲಯ್ಯ ಬಂದೂಕನ್ನು ಬೆನ್ನಿಗೆ ಬಿಗಿದು ತೆವಳಿದ. ಅರ್ಧ ದಾರಿಯಲ್ಲಿ ಪಿಳ್ಳಣ್ಣನ ಕಾಲು ಜಾರಿತು.

ಅವನು ಸರ್ರನೆ ಕೆಳಗೆ ಹೋದ.

ಸಿದ್ದಗಂಗಮ್ಮ ಕಂಬಳಿಯ ಚುಂಗು ಹಿಡಿದಳು. ಇನ್ನೊಂದು ತುದಿ ಪಿಳ್ಳಣ್ಣನ ಮುಷ್ಟಿಯಲ್ಲಿತ್ತು. ಕಂಬಳಿ ಚರ್ರೆಂದಿತು, ಹರಿಯಲಿಲ್ಲ. ಯಲ್ಲಯ್ಯ ಬಂದು ರಟ್ಟೆ ಹಿಡಿದು ಎಳೆದ. ಮೂವರೂ ಅಲ್ಲೇ ಬೋರಲು ಬಿದ್ದು ಏದುಸಿರು ಬಿಟ್ಟರು.

ಹೊತ್ತು ಇಳಿಯುವಾಗ ದೊಣೆ ತಲುಪಿದರು. ಒಂದು ಹರಿವಾಣದಷ್ಟು ಹಸಿರು ನೀರು ಉಳಿದಿತ್ತು. ಅಕ್ಕ ಮತ್ತು ಯಲ್ಲಯ್ಯ ಗಾಳಿಗೆ ಎದುರಾಗಿ ಒಂದು ಬಂಡೆಯ ಹಿಂದೆ ಅಡಗಿದರು. ಪಿಳ್ಳಣ್ಣ ನೀರಿನಿಂದ ಸ್ವಲ್ಪ ದೂರದಲ್ಲಿ, ಅವತ್ತಿನ ಹಾಗೆಯೇ ಕಂಬಳಿ ಮುಸುಕಿ ಬೋರಲು ಮಲಗಿದ. ಅವನಿಗೆ ಭಯವಾಗುತ್ತಿತ್ತು. ಭುಜದ ಗಾಯ ತನ್ನಷ್ಟಕ್ಕೆ ತಾನೇ ಮಿಡಿಯತೊಡಗಿತು. ನರಿ ಬಾರದಿದ್ದರೆ ಕೆಂಚ ಸಾಯುತ್ತಾನೆ, ಬಂದರೆ ತನ್ನ ಬೆನ್ನ ಮೇಲೇ ಬರುತ್ತದೆ.

ಎಸಳು ಇಟ್ಟು ಊದಿದ. ಸದ್ದೇ ಹೊರಡಲಿಲ್ಲ. ಹೊಟ್ಟೆ ಬಿಗಿಹಿಡಿದು ಇನ್ನೊಮ್ಮೆ ಊದಿದ. ಗಾಳಿ ಬುಸ್ಸೆಂದಿತು ಅಷ್ಟೆ. ನೋವಿಗೆ ಕಣ್ಣಲ್ಲಿ ನೀರು ಬಂತು. ಸೂರ್ಯ ಆಗಲೇ ಕೆಂಪಗಾಗಿದ್ದ. ಅಕ್ಕ ಬಂಡೆಯ ಹಿಂದಿನಿಂದ ಸಾಕು ಬಿಡು ಎಂದು ಕೈಸನ್ನೆ ಮಾಡಿದಳು. ಪಿಳ್ಳಣ್ಣ ನೋಡಿಯೂ ನೋಡದವನಂತೆ ಮತ್ತೆ ಎಸಳು ಎತ್ತಿದ. ಈ ಸಲ ಒಂದು ಸಣ್ಣ, ಮುರಿದ ಕೂಗು ಹೊರಬಂತು. ನಡುವೆ ನಿಂತು, ಮತ್ತೆ ಎದ್ದು, ಹಾಗೇ ಅಡಗಿತು. ಅವನು ಇಷ್ಟು ವರ್ಷ ಊದಿದ್ದರಲ್ಲಿ ಯಾವುದೂ ಹೀಗಿರಲಿಲ್ಲ. ನಿಜವಾಗಿ ಸಾಯುತ್ತಿರುವ ಮರಿಯ ಕೂಗು ಇದು.

ಮೇಲಿನ ಬಂಡೆಯಿಂದ ಒಂದು ಹರಳು ಉರುಳಿತು.

ನರಿ ಹಿಂದಿನಿಂದಲೇ ಬಂದಿತ್ತು. ಹೊಟ್ಟೆಯನ್ನು ನೆಲಕ್ಕೆ ತಾಗಿಸಿ, ಕಿವಿ ಮುಂದೆ ಚಾಚಿ, ಒಂದೊಂದೇ ಹೆಜ್ಜೆ ಇಳಿಯಿತು. ಪಿಳ್ಳಣ್ಣನ ಹಿಮ್ಮಡಿಗೂ ಅದಕ್ಕೂ ಮಾರು ದೂರ.

ಯಲ್ಲಯ್ಯ ಬಂದೂಕಿನ ಕುದುರೆಯನ್ನು ಹಿಂದಕ್ಕೆ ಎಳೆದು ಗುರಿ ಹಿಡಿದ. ಸಿದ್ದಗಂಗಮ್ಮ ನಳಿಕೆಯ ಮೇಲೆ ಅಂಗೈ ಇಟ್ಟಳು.

"ಮೊದ್ಲು ಬಾಲ ನೋಡು ಮಾವ," ಎಂದು ಪಿಸುಗುಟ್ಟಿದಳು.

ಬಾಲ ಕಾಲಿನ ಸಂದಿಯಲ್ಲಿ ಮುದುರಿತ್ತು. ಕಾಣಲಿಲ್ಲ.

ನರಿ ಕಂಬಳಿಯ ಅಂಚನ್ನು ಮೂಸಿತು. ಅದರ ಬಿಸಿಯುಸಿರು ಪಿಳ್ಳಣ್ಣನ ಪಾದಕ್ಕೆ ತಾಗಿತು. ಅವನು ಹಲ್ಲು ಕಚ್ಚಿ ಮಲಗಿಯೇ ಇದ್ದ. ಕಿರುಚಿ ಎದ್ದರೆ ನರಿ ಓಡಿಹೋಗುತ್ತದೆ, ಯಲ್ಲಯ್ಯ ಏನನ್ನೂ ನೋಡಿರುವುದಿಲ್ಲ. ಮೂಸಿದ ನರಿಗೆ ಮನುಷ್ಯನ ವಾಸನೆ ಸಿಕ್ಕಿತು. ಛಂಗನೆ ಪಕ್ಕಕ್ಕೆ ಹಾರಿತು. ಹಾರುವಾಗ ಬಾಲ ಎದ್ದಿತು.

ಅದು ಅರ್ಧ ಬಾಲ. ತುದಿಯಲ್ಲಿ ಗಾಯ ಒಣಗಿ ಕಪ್ಪಗಾಗಿತ್ತು.

ನರಿ ಓಡಲಿಲ್ಲ. ಬಾಯಾರಿಕೆ ಅದನ್ನು ಹಿಡಿದು ನಿಲ್ಲಿಸಿತೋ ಏನೋ. ಕಂಬಳಿಯ ಗುಡ್ಡೆಯ ಮೇಲೆ ಒಂದು ಕಣ್ಣಿಟ್ಟುಕೊಂಡೇ ದೊಡ್ಡದಾಗಿ ಸುತ್ತು ಬಳಸಿ ದೊಣೆಯ ಆಚೆ ದಡಕ್ಕೆ ಹೋಯಿತು, ತಲೆ ಬಗ್ಗಿಸಿ ಲೊಚಲೊಚನೆ ನೀರು ಕುಡಿಯಿತು. ಹುಚ್ಚು ಹಿಡಿದ ಪ್ರಾಣಿ ನೀರಿನ ಹತ್ತಿರ ಸುಳಿಯುವುದಿಲ್ಲ ಎಂದು ಅರಳಿಕಟ್ಟೆಯ ಮೇಲೆ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ್ದವನು ಯಲ್ಲಯ್ಯನೇ. ಅವನ ತೆರೆದ ಬಾಯಿ ತೆರೆದೇ ಇತ್ತು. ಬಂದೂಕು ತಾನಾಗಿ ಕೆಳಗಿಳಿಯಿತು. ನೀರು ಕುಡಿಯುವ ಪ್ರಾಣಿಗೆ ಅವನ ಅಪ್ಪನೂ ಗುರಿಯಿಟ್ಟವನಲ್ಲ. ನರಿ ಹೊಟ್ಟೆ ತುಂಬಾ ಕುಡಿದು, ಮೂತಿ ನೆಕ್ಕಿಕೊಂಡು, ಬಂಡೆ ಹತ್ತಿ ಮರೆಯಾಯಿತು.

ಪಿಳ್ಳಣ್ಣ ಎದ್ದು ಕೂರಲು ಬಹಳ ಹೊತ್ತು ಹಿಡಿಯಿತು.

ಯಲ್ಲಯ್ಯ ಅವನ ಪಕ್ಕ ಕುಕ್ಕರಿಸಿದ. "ನಾನೇ ನೋಡಿದ್ದೀನಿ ಅಂತ ಕಟ್ಟೆ ಮೇಲೆ ಹೇಳ್ತೀನಿ. ಹುಚ್ಚಲ್ಲ ಅದು. ಸಖತ್ತಾಗಿ ಕೂಗ್ತೀಯ ಕಣೋ, ಅದೇ ತಪ್ಪಾಗೋಯ್ತು."

ಪಿಳ್ಳಣ್ಣ ನಗಲು ಹೋದ. ಹೊಟ್ಟೆ ನೋಯಿತು.

ಇಳಿಯುವುದು ಹತ್ತಿದ್ದಕ್ಕಿಂತ ಕಷ್ಟವಾಯಿತು. ಅಕ್ಕನ ಹೆಗಲಿಗೆ ಆತುಕೊಂಡು ಪಿಳ್ಳಣ್ಣ ಹೆಜ್ಜೆ ಹಾಕಿದ. ದಾರಿಯಲ್ಲಿ ಅವಳು ಆಡಿದ್ದು ಒಂದೇ ಮಾತು: ಇನ್ನು ಮುಂದೆ ಕೆಂಚನನ್ನು ಕೇಳಿಕೊಂಡು ಮನೆ ಬಾಗಿಲಿಗೆ ಬರಬೇಡ. ಅವನು ಆಗಲಿ ಎಂದು ತಲೆಯಾಡಿಸಿದ.

ಜರಗನಹಳ್ಳಿ ಕೆರೆಯ ಏರಿ ಹತ್ತುವಾಗ ಮಬ್ಬು ಕವಿದಿತ್ತು. ಊರಿನ ಹೊಗೆ ಒಣಗಿದ ಅಂಗಳದ ಮೇಲೆ ತೆಳ್ಳಗೆ ಹರಡಿತ್ತು. ಯಲ್ಲಯ್ಯ ನಿಂತ. ಮದ್ದು ತುಂಬಿದ ಬಂದೂಕನ್ನು ಹಾಗೇ ಮನೆಯೊಳಕ್ಕೆ ಒಯ್ಯುವಂತಿಲ್ಲ. ಆ ಮದ್ದು ನಾಳೆ ಬೆಳಿಗ್ಗೆ ಯಾರ ಮೇಲೆ ಹಾರಬೇಕಿತ್ತು ಎಂದು ಮೂವರಿಗೂ ಗೊತ್ತಿತ್ತು. ನಳಿಕೆಯನ್ನು ಕೆರೆಯ ಮೇಲಿನ ಖಾಲಿ ಆಕಾಶಕ್ಕೆ ತಿರುಗಿಸಿ ಗುಂಡು ಹಾರಿಸಿದ.

ಸದ್ದು ಕೆರೆ ದಾಟಿ ಊರಿಗೆ ಹೋಯಿತು. ಒಂದು ಗಳಿಗೆ ಎಲ್ಲ ನಿಶ್ಶಬ್ದ. ಆಮೇಲೆ ಆ ಕಡೆ, ಕೊಟ್ಟಿಗೆಗಳ ಸಾಲಿನಿಂದ, ಬಂದೂಕಿನ ಸದ್ದಿಗೆ ಬೇಟೆ ನೆನಪಾದ ನಾಯಿಯೊಂದು ಬೊಗಳಿತು. ಮತ್ತೆ ಬೊಗಳಿತು. ನಿಲ್ಲಿಸಲೇ ಇಲ್ಲ.

ಸಿದ್ದಗಂಗಮ್ಮ ಏರಿಯ ಮೇಲೆ ಕುಸಿದು ಕುಳಿತು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು ಎದ್ದಳು.

"ನಡೀರಿ," ಎಂದಳು. "ಬೆಳಿಗ್ಗೆಯಿಂದ ಉಪವಾಸ ಐತೆ ಅದು."