ಅಪ್ಪನ ದನಿ ಸುಟ್ಟವರು

"ಅಪ್ಪನ ದನೀನ ನಾನೇ ಸುಟ್ಬಿಟ್ಟೆ ಅನ್ಸುತ್ತೆ, ಅತ್ತಿಗೆ."

ತನ್ನ ಮನೆಯ ಬಾಗಿಲು ತೆರೆದ ಕೂಡಲೇ ಆ ಹುಡುಗಿ ಹೇಳಿದ ಮೊದಲ ಮಾತು ಇದು. ಹಳೆಯ ಕಂಪ್ಯೂಟರ್ ರಿಪೇರಿ ಮಾಡುವ ಅವಳನ್ನು ಓಣಿಯವರು 'ಬೆಸುಗೆ' ಎಂದು ಕರೆಯುತ್ತಿದ್ದರು. ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ನಾನು ಕರೆಯುವುದನ್ನು ಕೇಳಿ ಓಣಿಗೆ ಓಣಿಯೇ ಹಾಗೆ ಕರೆಯುತ್ತಿತ್ತು. ಟೆಲಿಫೋನ್ ಕಚೇರಿಯಲ್ಲಿ ತಂತಿ ಎಲ್ಲಿ ಕಡಿದಿದೆ ಎಂದು ಹುಡುಕುತ್ತಿದ್ದವರು, ನಿವೃತ್ತಿಯಾದ ಮೇಲೆ ಮನುಷ್ಯರ ನಡುವೆ ಅದೇ ಕೆಲಸ ಮುಂದುವರಿಸಿದ್ದರು. ಅವರ ಚೀಲ ಹೊರುವುದು ನನ್ನ ಪಾಲು.

ಕಾರ್ಖಾನೆಯಲ್ಲಿ ವಿಷದ ಗಾಳಿ ಸೋರಿ ನಾಲ್ವರು ಸತ್ತಿದ್ದರು. ಎಚ್ಚರಿಕೆಯ ಗಂಟೆ ಹೊಡೆದಿರಲಿಲ್ಲ. ಗದ್ದಲ ತಾಳಲಾರದೆ ಸತ್ತವರೇ ಅದರ ತಂತಿ ಕತ್ತರಿಸಿದ್ದರು ಎಂದು ಕಂಪನಿ ಹೇಳುತ್ತಿತ್ತು. ಹೆಣಗಳ ಮೇಲೆ ತಪ್ಪು ಹೊರಿಸುವುದು ಸುಲಭ, ಅವು ಮರುಮಾತಾಡುವುದಿಲ್ಲ. ಬದುಕಿ ಉಳಿದವನು ಬೆಸುಗೆಯ ಅಪ್ಪ. ಗಂಟಲು ಹೋಗಿತ್ತು, ಕೈಗಳೆರಡೂ ಸ್ವಾಧೀನ ತಪ್ಪಿದ್ದವು. ಮೊಣಕಾಲಿನಿಂದ ಒಂದು ಗುಂಡಿ ಒತ್ತುತ್ತಿದ್ದ. ಆ ಒತ್ತನ್ನು ಅಕ್ಷರವಾಗಿಸಿ, ಅಕ್ಷರವನ್ನು ಮಾತಾಗಿಸುತ್ತಿದ್ದುದು ಹಳೆಯ ಕಂಪ್ಯೂಟರಿಗೆ ಮಗಳು ಮನೆಯಲ್ಲೇ ಮಾಡಿ ಸೇರಿಸಿದ ಕಾರ್ಡ್. ಅದರ ಚಿಪ್ ಈಗ ಎಲ್ಲೂ ಸಿಗುತ್ತಿರಲಿಲ್ಲ. ವಿಚಾರಣೆಯ ಕೊನೆಯ ದಿನ ಅಂದೇ. ತಲೆಯಾಡಿಸಿದ್ದು ಸಾಕ್ಷಿಯಾಗುವುದಿಲ್ಲ, ಸ್ವಂತ ಮಾತಲ್ಲೇ ಹೇಳಬೇಕು ಎಂದು ಕಂಪನಿಯ ವಕೀಲ ವಿಚಾರಣೆ ನಡೆಸುವವರನ್ನು ಮೊದಲೇ ಒಪ್ಪಿಸಿದ್ದ.

ಹಿಂದಿನ ಸಂಜೆ ಕಾರ್ಡ್ ಕರಕರ ಅಂದಿತ್ತು. ಅವಳು ಚಿಪ್ಪನ್ನು ಕಳಚಿ ಸ್ಪಂಜಿಗೆ ಚುಚ್ಚಿಟ್ಟು, ಬಿರುಕುಬಿಟ್ಟ ಜೋಡಣೆಯನ್ನು ಬೆಸೆದು, ಬೆಳಿಗ್ಗೆ ಪರೀಕ್ಷಿಸೋಣವೆಂದು ಕಾರ್ಡನ್ನು ಹೊರಗೇ ಇಟ್ಟು ಮಲಗಿದ್ದಳು. ಎದ್ದಾಗ ಕಾರ್ಡ್ ಕಂಪ್ಯೂಟರಿನೊಳಗಿತ್ತು, ಚಿಪ್ ಕರಕಲಾಗಿತ್ತು. ನಿದ್ದೆಗಣ್ಣಲ್ಲಿ ನೀನೇ ಹಾಕಿರಬೇಕು ಎಂದು ರಾತ್ರಿ ಅಲ್ಲೇ ಮಲಗಿದ್ದ ಚಿಕ್ಕಪ್ಪ ಹೇಳಿದ್ದನಂತೆ. ಅವಳೂ ಅರ್ಧ ನಂಬಿದ್ದಳು.

ಒಂದೇ ಕೋಣೆಯ ಮನೆ ಅದು. ಅಪ್ಪ ಗಾಲಿಕುರ್ಚಿಯಲ್ಲಿದ್ದ. ಅವನ ಎಡ ಮೊಣಕಾಲಿನ ಬಳಿ ಇದ್ದ ಗುಂಡಿಯನ್ನು ಅಮ್ಮ ಬಲಕ್ಕೆ ಸರಿಸುತ್ತ, "ಎಡಗಾಲಿಗೆ ಜೀವ ಎಲ್ಲಿದೆ ಇವರಿಗೆ," ಎಂದು ಗೊಣಗಿದಳು. ಅದೇ ಕಾರ್ಖಾನೆಯಲ್ಲಿ ಇನ್ನೂ ಕೆಲಸದಲ್ಲಿದ್ದ ಚಿಕ್ಕಪ್ಪ ಗೋಡೆಗೆ ಒರಗಿದ್ದ. ಕಂಪನಿಯ ಕ್ಷೇಮಾಧಿಕಾರಿ ಹಿಂದಿನ ಸಂಜೆ ಹಣ್ಣಿನ ಬುಟ್ಟಿ ಕೊಟ್ಟು ಹೋಗಿದ್ದನಂತೆ; ಕಾರ್ಡ್ ಕರಕರ ಅಂದದ್ದು ಅವನು ಹೋದಮೇಲೆ.

ಅತ್ತಿಗೆ ಹುಡುಗಿಯ ಕೆಲಸದ ಕ್ರಮ ಕೇಳಿದರು. ವಿದ್ಯುತ್ತಿನ ದಾರಿಗಳು ಎಲ್ಲೂ ಕೂಡಿಕೊಂಡಿಲ್ಲವೆಂದು ಮೊದಲು ಮೀಟರಿನಲ್ಲಿ ನೋಡುವುದು. ಆಮೇಲೆ ಚಿಪ್ ಇಲ್ಲದ ಕಾರ್ಡಿಗೆ ಕಡಿಮೆ ಕರೆಂಟ್ ಕೊಟ್ಟು ಅಳೆಯುವುದು. ಕರೆಂಟ್ ತೆಗೆದು ಚಿಪ್ ಕೂರಿಸುವುದು, ದಿಕ್ಕು ತೋರಿಸಲು ಅದರ ಅಂಚಿನಲ್ಲಿರುವ ಕಚ್ಚು ಸಾಕೆಟ್ಟಿನ ಕಚ್ಚಿಗೆ ಹೊಂದಬೇಕು. ಕೊನೆಗೆ, ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ಸಿಕ್ಕಿಸುವ, ಫ್ಯೂಸ್ ಇರುವ ನಡುಹಲಗೆಯ ಮೂಲಕವೇ ಜೋಡಿಸುವುದು.

ನಡುಹಲಗೆ ಕಪಾಟಿನ ಮೇಲೇ ಇತ್ತು. ಮೇಜಿನ ಕಪ್ಪು ಸ್ಪಂಜಿನಲ್ಲಿ ಚಿಪ್ಪಿನ ಕಾಲುಗಳು ಚುಚ್ಚಿದ್ದ ತೂತುಗಳಿದ್ದವು. ಅತ್ತಿಗೆ ಭೂತಗನ್ನಡಿ ಹಿಡಿದು ಕಾರ್ಡನ್ನು ನೋಡಿದರು. ಚಿಪ್ಪಿನ ಒಂದು ಕಾಲೂ ಬಾಗಿರಲಿಲ್ಲ. ಕಚ್ಚು ಮಾತ್ರ ತಿರುಗುಮುರುಗಾಗಿತ್ತು.

"ಯಾರು ಮಾಡಿದ್ದು ಅಂತ ನೀವು ನೋಡಿದ್ರಿ, ಅಲ್ವಾ?" ಎಂದು ಅಪ್ಪನನ್ನು ಕೇಳಿದರು. ಅವನು ಕಣ್ಣು ಮುಚ್ಚಿಕೊಂಡ. ಮತ್ತೆ ತೆರೆಯಲಿಲ್ಲ.

ವಿಚಾರಣೆಗೆ ಕರೆದೊಯ್ಯಲು ಕ್ಷೇಮಾಧಿಕಾರಿ ಕಾರು ತಂದ. ಸುದ್ದಿ ಕೇಳಿ ಅವನ ಮುಖದಲ್ಲಿ ಮೂಡಿದ ಮರುಕ ಇಸ್ತ್ರಿ ಮಾಡಿದಂತಿತ್ತು. ಇದು ಅವನದೇ ಕೆಲಸವೆಂದು ನಾನು ಅತ್ತಿಗೆಯ ಕಿವಿಯಲ್ಲಿ ಉಸುರಿದೆ.

"ನಿನ್ನ ಸಿಟ್ಟು ಸರಿಯಾಗಿದೆ, ಮೈದುನ. ಲೆಕ್ಕ ತಪ್ಪಿದೆ," ಎಂದು ಎಲ್ಲರನ್ನೂ ಕೂರಿಸಿದರು.

"ಸ್ಪಂಜಿನಲ್ಲಿದ್ದ ಚಿಪ್ಪನ್ನ ಯಾರೋ ತೆಗೆದು ಕೂರಿಸಿದ್ದಾರೆ. ನಮ್ಮ ಬೆಸುಗೇನೇ ಕೂರಿಸಿದ್ರೆ ಕಚ್ಚು ತಪ್ತಿರಲಿಲ್ಲ, ನಡುಹಲಗೆ ಬಿಡ್ತಿರಲಿಲ್ಲ. ಕೆಡಿಸೋಕೆ ಬಂದವನಾದ್ರೆ ಚಿಪ್ಪನ್ನ ಕಾಲಲ್ಲಿ ಹೊಸಕಿ ಹೋಗ್ತಿದ್ದ. ಚಿಪ್ಪಿಗೆ ಇಷ್ಟೊಂದು ಕಾಲು, ಒಂದೂ ಬಾಗದ ಹಾಗೆ ಜೋಪಾನ ಮಾಡಿದವನಿಗೆ ಇವರು ಮಾತಾಡೋದು ಬೇಕಿತ್ತು. ಅದಕ್ಕೇ ಗುಂಡೀನೂ ತಂದಿಟ್ಟ. ಎಡಗಾಲಿಗೆ. ದಿನಾ ಮೈ ಒರೆಸೋ ಹೆಂಡತಿ ಹಾಗೆ ಇಡಲ್ಲ. ಕ್ಷೇಮದವರಿಗೆ ಕಾರ್ಡ್ ಹೊರಗಿದೆ ಅನ್ನೋದೇ ಗೊತ್ತಿಲ್ಲ. ಗೊತ್ತಿದ್ರೂ ಅವರಿಗೋಸ್ಕರ ಇವರು ಕಣ್ಣು ಮುಚ್ತಿದ್ರಾ? ತಮ್ಮನಿಗೋಸ್ಕರ ಮುಚ್ಚಿದ್ರು."

ಚಿಕ್ಕಪ್ಪ ಗೋಡೆಗುಂಟ ಕುಸಿದು ಕೂತ. ಬೆಸುಗೆ ಮಾಡುವುದನ್ನು ಎಷ್ಟೋ ಸಲ ನೋಡಿದ್ದನಂತೆ, ತನಗೂ ಬರುತ್ತದೆ ಅಂದುಕೊಂಡಿದ್ದನಂತೆ.

"ಗಂಟೆ ತಂತಿ ಕತ್ತರಿಸಿದ್ದು ನಾನು," ಎಂದ. "ಕೆಲಸ ನಿಲ್ಲಬಾರದು, ಕತ್ತರಿಸು ಅಂದ್ರು ಮ್ಯಾನೇಜರು. ಅಣ್ಣ ಪಕ್ಕದಲ್ಲೇ ಇದ್ದ. ವಿಚಾರಣೇಲಿ ನನ್ನ ಬಗ್ಗೆ ಏನು ಹೇಳ್ತೀಯಾ ಅಂತ ರಾತ್ರಿ ಅವನ ಮಾತಲ್ಲೇ ಕೇಳ್ಬೇಕಿತ್ತು, ಅಷ್ಟೇ."

"ಏನಂದ್ರು?" ಎಂದು ಅತ್ತಿಗೆ ಕೇಳಿದರು.

"ಹೊಗೆ ಬಂತು."

ಬೆಸುಗೆ ಬಾಯಿಗೆ ಕೈ ಅಡ್ಡಹಿಡಿದು ಅಳುತ್ತಿದ್ದಳು. ಕ್ಷೇಮಾಧಿಕಾರಿ ಚಿಕ್ಕಪ್ಪನಿಗೆ ಮೆಲ್ಲಗೆ ಹೇಳಿದ: "ಯೋಚನೆ ಮಾಡು. ನಿನ್ನ ಕೆಲಸ ಇನ್ನೂ ಇದೆ."

"ಇವರ ಗಂಟಲು ಕಂಪನಿ ಸುಟ್ಟಿತು, ಉಳಿದದ್ದನ್ನ ನೀನು ಸುಟ್ಟೆ," ಎಂದು ಅತ್ತಿಗೆ ಚಿಕ್ಕಪ್ಪನತ್ತ ತಿರುಗಿದರು. "ನಿನ್ನ ಗಂಟಲು ಚೆನ್ನಾಗಿದೆಯಲ್ಲಪ್ಪಾ."

ಅಪ್ಪ ಕಣ್ಣು ತೆರೆದು ತಮ್ಮನನ್ನೇ ನೋಡಿದ. ಬಲ ಮೊಣಕಾಲು ಗುಂಡಿಯನ್ನು ಒತ್ತಿತು. ಟಕ್. ಸತ್ತ ಯಂತ್ರ ಏನೂ ಹೇಳಲಿಲ್ಲ. ಮತ್ತೆ ಒತ್ತಿತು.

ಚಿಕ್ಕಪ್ಪ ಎದ್ದು ಗಾಲಿಕುರ್ಚಿಯ ಹಿಡಿ ಹಿಡಿದ. ಕಾರು ಬೇಡವೆಂದ. ನಾವು ನಡೆದೇ ಹೋದೆವು.

ಗಂಟೆಯ ತಂತಿ ಕತ್ತರಿಸಿದವರು ಯಾರೆಂದು ವಿಚಾರಣೆಯಲ್ಲಿ ಕೇಳಿದಾಗ ಅವನು ನಿಂತು ತನ್ನ ಹೆಸರು ಹೇಳಿದ. ಕತ್ತರಿಸಲು ಹೇಳಿದವರು ಯಾರೆಂದು ಯಾರೂ ಕೇಳಲಿಲ್ಲ. ಅವನು ಕೂರಲಿಲ್ಲ; ಆ ಹೆಸರನ್ನೂ ಹೇಳಿದ.