ಉದ್ದ ಜಗಿತದ ಕೊಳ

ಗಗನ ಹೊಂಡದ ಅಂಚಿನಲ್ಲಿ ಬೋರಲು ಮಲಗಿ, ನೀರಿಗೆ ಸ್ಕೇಲ್ ಇಳಿಸಿ ನೋಡಿದಳು. ನೀರು ಮತ್ತೆ ಎರಡು ಬೆರಳು ತಗ್ಗಿತ್ತು.

“ಅಪ್ಪ, ಈ ಟಾರ್ಪಾಲು ಸೋರ್ತಿದೆ,” ಎಂದು ಕೂಗಿದಳು.

ಬೋಗಾದಿಯ ಮನೆಯ ಹಿತ್ತಲಿನಲ್ಲಿ ಒಂದು ಕೊಳ ಬೇಕೆಂದು ಅವಳು ರಜೆ ಪೂರ್ತಿ ಎಲ್ಲರ ತಲೆ ತಿಂದಿದ್ದಳು. ಕೊನೆಗೂ ಅಪ್ಪ, ಅಣ್ಣ ನಿಶಾಂತ್ ಮತ್ತು ಅವಳು ಸೇರಿ ಹೊಂಡ ತೋಡಿದರು. ನಿನ್ನೆ ಇಲವಾಲದ ಮಾವ ತಮ್ಮ ತೋಟದ ತೊಟ್ಟಿಯಿಂದ ಹನ್ನೊಂದು ಮೀನು ಹಿಡಿದು ಬಕೆಟ್‌ನಲ್ಲಿ ಕೊಟ್ಟಿದ್ದರು. ಬೆಳಗ್ಗೆ ನೋಡಿದರೆ ಅದರಲ್ಲಿ ಎರಡು ಸತ್ತಿದ್ದವು. ಉಳಿದ ಒಂಬತ್ತು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

ಅಪ್ಪ ಬಕೆಟ್ ಇಣುಕಿ ನೋಡಿದರು. “ಸಂಜೆಯೊಳಗೆ ಹೊಂಡದಲ್ಲಿ ನೀರು ನಿಲ್ಲದಿದ್ರೆ ಇವು ವಾಪಸ್ ಇಲವಾಲಕ್ಕೆ ಕಣಮ್ಮ. ಸಾಯೋದನ್ನ ನೋಡ್ಕೊಂಡು ಕೂರೋಕಾಗಲ್ಲ.”

ಗಗನ ಎದ್ದು ಅಪ್ಪನ ಹತ್ತಿರ ಓಡಿದಳು. “ಹಾಗಾದ್ರೆ ಸಿಮೆಂಟ್ ಹಾಕಿ ಅಪ್ಪ. ನಿಮ್ಮ ಹತ್ರ ಎರಡು ಮೂಟೆ ಇದೆಯಲ್ಲ.”

ಅಪ್ಪ ಟೈಲ್ಸ್ ಕೂರಿಸುವವರು. ಸಿಮೆಂಟಿನ ಜಾತಕ ಅವರಿಗೆ ಗೊತ್ತು. “ಹೊಸ ಸಿಮೆಂಟು ನೀರಿಗೆ ಸುಣ್ಣ ಬಿಡುತ್ತೆ. ಅದು ಹೋಗೋಕೆ ಎಷ್ಟೋ ದಿನ ಬೇಕು. ಅಲ್ಲೀವರೆಗೆ ಮೀನು ಇರ್ತವಾ?”

“ಕೆರೆ ಜೇಡಿಮಣ್ಣು ತಂದು ತುಳಿದು ಮೆತ್ತಿ,” ಅಂದರು ಅಜ್ಜಿ ಪುಟ್ಟತಾಯಮ್ಮ, ಜಗಲಿಯಲ್ಲಿ ಅವರೆಕಾಳು ಬಿಡಿಸುತ್ತಾ. “ನಮ್ಮೂರಲ್ಲಿ ಅಂಗೇ ಮಾಡ್ತಿದ್ದುದು.”

“ಈ ಲೇಔಟಲ್ಲಿ ಎಲ್ಲಿದೆ ಅಜ್ಜಿ ಜೇಡಿಮಣ್ಣು? ಅಗೆದ್ರೆ ಬರೀ ಇಟ್ಟಿಗೆ ಚೂರು,” ಅಂದ ನಿಶಾಂತ್. ಅಂಥದೊಂದು ಚೂರೇ ಟಾರ್ಪಾಲಿಗೆ ತೂತು ಮಾಡಿದ್ದು.

ಅಪ್ಪ ದೇವರಾಜ ಮೊಹಲ್ಲಾದ ಅಂಗಡಿಗೆ ಫೋನ್ ಮಾಡಿದರು. ರಬ್ಬರ್ ಶೀಟ್ ಬರುವುದು ಬುಧವಾರವಂತೆ.

ಆಗ ನಿಶಾಂತನ ಕಣ್ಣು ಅರಳಿತು. “ಫ್ಲೆಕ್ಸ್. ಗಗ್ಗಿದು ಫ್ಲೆಕ್ಸ್ ಇತ್ತಲ್ಲ.”

ಗಗನಳ ಕಿವಿ ಕೆಂಪಾಯಿತು. ಆ ಫ್ಲೆಕ್ಸನ್ನು ಅವಳು ಮರೆಯುವುದುಂಟೆ? ಹೋದ ವರ್ಷ ತಾಲ್ಲೂಕು ಮಟ್ಟದ ಉದ್ದ ಜಿಗಿತದಲ್ಲಿ ಅವಳಿಗೆ ಮೂರನೇ ಬಹುಮಾನ ಬಂದಿತ್ತು. ಮಾರನೇ ದಿನವೇ ಅಪ್ಪ ಬೀದಿಯ ತಿರುವಿನಲ್ಲಿ ಆಳೆತ್ತರಕ್ಕಿಂತ ದೊಡ್ಡ ಫ್ಲೆಕ್ಸ್ ಕಟ್ಟಿಸಿದ್ದರು. ಆದರೆ ಅದನ್ನು ಮಾಡಿದವನು ಒಂದು ಗುಡಿಸು ನುಂಗಿಬಿಟ್ಟಿದ್ದ. ಅವಳ ನಗುವ ಫೋಟೊದ ಕೆಳಗೆ ‘ಉದ್ದ ಜಗಿತದಲ್ಲಿ ತೃತೀಯ’ ಎಂದಿತ್ತು.

“ಏನೇ ಅಷ್ಟುದ್ದ ಜಗಿದೆ? ಕಬ್ಬಾ, ಚೂಯಿಂಗ್ ಗಮ್ಮಾ?” ಎಂದು ಕ್ಲಾಸಿನಲ್ಲಿ ನಾಗಾರ್ಜುನ ಕೇಳಿದ್ದ. ಗಗನ ಊಟ ಬಿಟ್ಟು ಅತ್ತಿದ್ದಳು. ಅಪ್ಪ ಏಣಿ ಹಾಕಿ ಅದನ್ನು ಇಳಿಸಿದ್ದರು.

“ಅದೆಲ್ಲಿದೆಯೋ ಏನೋ. ಬುಡು, ಬೇರೆ ನೋಡೋಣ,” ಅಂದರು ಅಪ್ಪ ಈಗ, ಎತ್ತಲೋ ನೋಡುತ್ತಾ.

“ಎಲ್ಲೋಯ್ತದೆ? ಅಟ್ಟದ ಮೇಲೈತೆ,” ಅಂದರು ಅಜ್ಜಿ. “ನೀನೇ ತಾನೇ ಮಡಗಿದ್ದು?”

ಗಗನ ಆಗಲೇ ಓಡಿ ಏಣಿ ಹತ್ತಿದ್ದಳು. ಅಟ್ಟದ ಮೂಲೆಯಲ್ಲಿ ಅಪ್ಪನ ಬಿಳಿ ಪಂಚೆಯೊಳಗೆ ಉದ್ದನೆಯ ಸುರುಳಿ ಸಿಕ್ಕಿತು. ಬಿಚ್ಚಿದರೆ ಒಣಗಿದ ಬೇವಿನ ಸೊಪ್ಪು ಉದುರಿತು. ಬೀದಿಯಲ್ಲಿದ್ದಾಗ ಫೋಟೊದ ಹಣೆಯ ಮೇಲೆ ಕಾಗೆ ಹಿಕ್ಕೆ ಹಾಕಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಈಗ ಅಲ್ಲಿ ಒಂದು ಕಲೆಯೂ ಇರಲಿಲ್ಲ. ಯಾರೋ ತೊಳೆದು, ಒರೆಸಿ, ಮಡಿಕೆ ಬೀಳದ ಹಾಗೆ ಸುತ್ತಿಟ್ಟಿದ್ದರು. ಯಾರೋ ಏನು, ಅಪ್ಪನೇ.

ಅವಳು ಸುರುಳಿ ಹೊತ್ತು ನಿಧಾನವಾಗಿ ಇಳಿದಳು. “ಅಪ್ಪ, ನಿಮಗೆ ಇದು ಬೇಕಿದ್ರೆ ಬೇಡ. ಮೀನು ಇಲವಾಲದಲ್ಲೇ ಇರಲಿ.”

ಅಪ್ಪ ಅವಳನ್ನೇ ನೋಡಿದರು. ಆಮೇಲೆ ಜೇಬಿನಿಂದ ಟೇಪ್ ತೆಗೆದರು. “ಹೊಂಡ ಆರಡಿ. ಎರಡು ಕಡೆ ಆಳ ಒಂದೂವರೆ, ಒಂದೂವರೆ. ಅಂಚಿಗೆ ಅರ್ಧ, ಅರ್ಧ. ಎಷ್ಟಾಯ್ತು?”

“ಹತ್ತು.”

“ಫ್ಲೆಕ್ಸೂ ಹತ್ತೇ.” ಅಗಲಕ್ಕೂ ಲೆಕ್ಕ ಸರಿಹೋಯಿತು. ಅಪ್ಪನ ಮುಖ ಗೆಲುವಾಯಿತು. “ಕತ್ತರಿ ಹಾಕೋದೇ ಬೇಡ ಕಣಮ್ಮ.”

ಆಮೇಲೆ ಹಿತ್ತಲಿನಲ್ಲಿ ಗಡಿಬಿಡಿಯೋ ಗಡಿಬಿಡಿ. ನಿಶಾಂತ್ ನೀರು ಹೊರಚೆಲ್ಲಿ, ತೂತು ಟಾರ್ಪಾಲು ಎತ್ತಿ, ಇಟ್ಟಿಗೆ ಚೂರುಗಳನ್ನು ಒಂದೂ ಬಿಡದೆ ಹೆಕ್ಕಿದ. ಗಗನ ಮರಳು ಹರಡಿದಳು. ಅಜ್ಜಿ ಗೋಣಿಚೀಲ ಹಾಸಿದರು. ಅದರ ಮೇಲೆ ಅಪ್ಪ ಫ್ಲೆಕ್ಸನ್ನು ಬಣ್ಣದ ಮಗ್ಗುಲು ಕೆಳಗಾಗಿ ಇಳಿಸಿದರು. ಮೀನಿನ ನೀರಿಗೆ ಬಣ್ಣ ತಾಕಬಾರದಲ್ಲ. ಪೈಪು ಬುಸುಗುಟ್ಟಿತು, ನೀರು ಏರಿತು. ಗಗನ ಪೆನ್ಸಿಲಿನಲ್ಲಿ ಗೆರೆ ಎಳೆದು, ಒಂದು ಗಂಟೆಯಲ್ಲಿ ಹದಿನೇಳು ಸಲ ಬಗ್ಗಿ ನೋಡಿದಳು. ನೀರು ಗೆರೆ ಬಿಟ್ಟು ಕದಲಲಿಲ್ಲ.

ಬಕೆಟ್ ಬಾಗಿಸಿದಾಗ ಒಂಬತ್ತು ಮೀನೂ ಸುಯ್ಯನೆ ಚದುರಿದವು. ಗಗನ ಕುಣಿದೇಬಿಟ್ಟಳು.

ಕೊನೆಗೆ ಅಂಚಿನ ಅರ್ಧ ಅಡಿಯನ್ನು ಮಡಚಿ ಸುತ್ತ ಕಲ್ಲು ಜೋಡಿಸಬೇಕಿತ್ತು. ಮಡಚಿದಾಗ ಕೆಳಗಿನ ಬಣ್ಣದ ಮಗ್ಗುಲು ಮೇಲೆ ಬಂತು. ಗೇಟಿನ ಕಡೆಯ ಅಂಚಿನಲ್ಲಿ ದಪ್ಪ ಕೆಂಪಕ್ಷರ ಕಾಣಿಸಿತು: ಉದ್ದ ಜಗಿತದಲ್ಲಿ ತೃತೀಯ.

“ಏ, ಅದರ ಮೇಲೆ ಮೊದಲು ಕಲ್ಲಿಡು,” ಅಂದ ನಿಶಾಂತ್. “ನಾಳೆ ನಾಗಾರ್ಜುನ ಮೀನು ನೋಡೋಕೆ ಬರ್ತಾನೆ. ಓದ್ಬಿಡ್ತಾನೆ.”

ಅಪ್ಪ ಒಂದು ಚಪ್ಪಡಿ ಎತ್ತಿಕೊಂಡು ಬಂದರು. ಗಗನ ಅದನ್ನು ಅವರ ಕೈಯಿಂದ ತೆಗೆದುಕೊಂಡು, ಅಕ್ಷರಗಳಿಗೆ ತಾಕದ ಹಾಗೆ ಪಕ್ಕದಲ್ಲಿಟ್ಟಳು.

“ಓದ್ಲಿ ಬುಡು,” ಅಂದಳು.