ಕೆಳಗಿನ ದನಿ

ಹದಿನೇಳನೆಯ ಟೇಕ್ ಕೂಡ ಅವಳಿಗೆ ಹಿಡಿಸಲಿಲ್ಲ.

“ಶ್ರುತಿ ಸರಿ ಇದೆ, ತಾಳ ಸರಿ ಇದೆ. ಇನ್ನೇನು ಬೇಕು ಮಹಾರಾಯ್ತಿ?” ಮೈಕಿನಲ್ಲಿ ಕೇಳಿದೆ.

ಸ್ಟುಡಿಯೋದ ಗಾಜಿನ ಆಚೆಯಿಂದ ಕಣ್ಣು ಮುಚ್ಚಿಕೊಂಡೇ ಅಂದಳು, “ಹಾಡಿದ್ದು ನಾನು. ದೇವರು ಇನ್ನೂ ಬಂದಿಲ್ಲ.”

ದೇವರಿಗೇನು, ಹಸಿವೆಯಿಲ್ಲ. ರೆಕಾರ್ಡಿಂಗ್ ಮಾಡುವ ನನಗೆ ಊಟದ ಹೊತ್ತು ಮೀರಿತ್ತು. ಹಾಡು ಬರೆಯುವಾಗಲೂ ಇವಳದು ಇದೇ ಗೋಳು. ಒಂದು ಸಾಲು ಬರೆಯುತ್ತಾಳೆ, ಅರ್ಧ ದಿನ ಸುಮ್ಮನೆ ಕೂರುತ್ತಾಳೆ, ಕೊನೆಗೆ ಆ ಸಾಲನ್ನೇ ಹೊಡೆದುಹಾಕುತ್ತಾಳೆ. ಇಂಥವಳ ಮೇಲೆ ಮನಸ್ಸಿಟ್ಟ ನಾನು ತಲೆಯನ್ನು ಎಲ್ಲಿ ಚಚ್ಚಿಕೊಳ್ಳಲಿ?

ಅವಳು ಕಣ್ಣು ತೆರೆದಳು. ಹೆಡ್‌ಫೋನಿನಿಂದ ಜಾರಿದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿ, ತುಟಿಯ ಒಂದೇ ತುದಿಯಲ್ಲಿ ನಕ್ಕಳು. ಬಂದ ಸಿಟ್ಟು ಎತ್ತ ಹೋಯಿತೋ.

“ಹೋಗ್ಲಿ ಬಿಡು. ನಿನ್ನೆ ಮುಗಿಸಿದ ಹಾಡು ಹಾಕು, ಕೇಳೋಣ.”

ಹಾಕಿದೆ. ಎರಡನೇ ಸಾಲಿಗೇ ಅವಳ ಹುಬ್ಬು ಗಂಟಿಕ್ಕಿತು.

“ಕೆಳಗಿನ ದನಿ ಎಲ್ಲಿ?”

ಆ ಹಾಡನ್ನು ಅವಳು ಎರಡು ದನಿಗಳಲ್ಲಿ ಹಾಡಿದ್ದಳು. ಮೇಲಿನದು ವರ್ಷಗಟ್ಟಲೆ ಸಾಧನೆ ಮಾಡಿ ಪಡೆದದ್ದು. ಕೆಳಗಿನದು, ಅವಳನ್ನು ಎಲ್ಲರೂ ಹುಡುಗನೆಂದು ಕರೆಯುತ್ತಿದ್ದ ಕಾಲದಿಂದ ಗಂಟಲಲ್ಲೇ ಉಳಿದ ದಪ್ಪ ದನಿ. ಅದನ್ನು ನಾನು ಕಂಪ್ಯೂಟರಿನಲ್ಲಿ ಶ್ರುತಿ ಏರಿಸಿ ತೆಳ್ಳಗೆ ಮಾಡಿದ್ದೆ.

“ನಿಂಗೆ ನೋವಾಗಬಾರದು ಅಂತ...”

“ನಂಗಾ ನೋವು? ಇಂಜಿನಿಯರ್ ಸಾಹೇಬ್ರೆ, ಸುಳ್ಳನ್ನಾದ್ರೂ ಶ್ರುತಿ ಸೇರಿಸಿ ಹೇಳಿ.” ಹೆಡ್‌ಫೋನ್ ಕಿತ್ತಿಟ್ಟು ಈಚೆ ಬಂದಳು. “ನಾನು ಹೆಣ್ಣು ಅಂತ ಇವರಿಗೆಲ್ಲ ಗೊತ್ತಾಗಲಪ್ಪಾ ಅಂತ ದೇವರ ಹತ್ರ ಬೇಡ್ಕೊಂಡಿದ್ದು ಆ ದನೀಲೇ. ವರ ಸಿಕ್ಕಿದ ಮೇಲೆ ಬೇಡ್ಕೊಂಡವಳನ್ನ ಆಚೆ ಹಾಕ್ಲಾ? ನಿಜ ಹೇಳು, ಅದು ಯಾರಿಗೆ ಕೇಳಿಸಬಾರದಿತ್ತು?”

“ಅಕ್ಕನಿಗೆ,” ಅಂದೆ.

ತಾಯಿಯಿಲ್ಲದ ನನ್ನನ್ನು ಸಾಕಿದವಳು ಅಕ್ಕ. ಈ ಹಾಡು ಮುಗಿದ ಕೂಡಲೇ ಅವಳಿಗೆ ಕೇಳಿಸಿ ನಮ್ಮ ವಿಷಯ ಹೇಳುತ್ತೇನೆಂದು ನಾಲ್ಕು ತಿಂಗಳಿಂದ ಇವಳಿಗೆ ಮಾತು ಕೊಡುತ್ತಲೇ ಇದ್ದೆ.

ಇವಳು ಬ್ಯಾಗನ್ನು ಹೆಗಲಿಗೇರಿಸಿದಳು. “ನನ್ನ ಅರ್ಧ ಮಾತ್ರ ಬೇಕಿದ್ರೆ, ಹಾಡೂ ಬೇಡ, ನೀನೂ ಬೇಡ.”

ಬಾಗಿಲು ದಾಟಿದರೆ ಮತ್ತೆ ಬರುವವಳಲ್ಲ. ನನಗೆ ನಿಜಕ್ಕೂ ಭಯವಾಯಿತು. ಅಕ್ಕನಿಗೆ ಫೋನ್ ಮಾಡಿ, ಸ್ಪೀಕರ್ ಒತ್ತಿ, ನಾನು ಕೈಹಚ್ಚದ ಮೂಲ ಹಾಡನ್ನು ಹಾಕಿದೆ. ಇವಳು ಬಾಗಿಲ ಹಿಡಿ ಹಿಡಿದುಕೊಂಡೇ ನಿಂತಳು.

“ಚೆನ್ನಾಗಿದೆ ಕಣೋ,” ಅಂದಳು ಅಕ್ಕ. “ಇಬ್ಬರು ಹಾಡಿದಾರಲ್ವಾ? ಆ ಗಂಡು ದನಿ ಯಾರದು?”

“ಒಬ್ಬಳೇ ಅಕ್ಕಾ. ಎರಡೂ ಅವಳದೇ. ಹುಟ್ಟಿದಾಗ ಅವಳನ್ನ ಗಂಡು ಅಂತ ಬರ್ಕೊಂಡಿದ್ರು. ನಾನು ಮದುವೆ ಆಗಬೇಕು ಅಂತಿರೋದು ಅವಳನ್ನೇ.”

ಆ ಕಡೆ ಯಾವುದೋ ಪಾತ್ರೆ ಕೆಳಗಿಟ್ಟ ಸದ್ದು.

“ನಂಗೆ ಸ್ವಲ್ಪ ಟೈಮ್ ಕೊಡು,” ಅಂದಳು ಅಕ್ಕ. ಮತ್ತೆ ಅವಳೇ, “ಆ ಹಾಡು ಕಳಿಸು. ಇನ್ನೊಂದ್ಸಲ ಕೇಳ್ತೀನಿ.”

ಫೋನಿಟ್ಟೆ. ಬಾಗಿಲಲ್ಲಿ ನಿಂತವಳ ಕಣ್ಣು ತುಂಬಿತ್ತು. ಸಿಟ್ಟು ಮಾತ್ರ ಒಂದಿಷ್ಟೂ ಇಳಿದಿರಲಿಲ್ಲ.

“ನಿಮ್ಮಕ್ಕಂಗೆ ಹೇಳಿದ್ದಾಯ್ತು. ನನ್ನನ್ನ ಕೇಳಿದ್ಯಾ?”

“ಈಗ ಕೇಳ್ತಿದೀನಿ. ಆಗ್ತೀಯಾ?”

ಬ್ಯಾಗನ್ನು ಕುರ್ಚಿಗೆ ಎಸೆದು, ಬಂದು ನನ್ನ ತೋಳಿಗೊಂದು ಗುದ್ದಿ, ಅಲ್ಲೇ ಹಣೆಯಿಟ್ಟಳು.

“ಆಗ್ತೀನಿ, ಪೆದ್ದ. ಮೊದಲು ನೀನು ತೆಳ್ಳಗೆ ಮಾಡಿದ ಆ ಹಾಳು ಫೈಲನ್ನ ನನ್ನ ಕಣ್ಣೆದುರಿಗೆ ಅಳಿಸು.”